ಅಮ್ಮನ ಡ್ಯೂಟಿ, ಹಬ್ಬದ ಚಂದ್ರ

ಕ್ರಿಸ್‌ಮಸ್ ದಿನ ನಮ್ಮ ಮನೆಯಲ್ಲಿ ಅಮ್ಮ ಇರುತ್ತಿರಲಿಲ್ಲ. ಬೆಳಗಿನ ಆರೂಕಾಲಿಗೇ ನೀಲಿ ಸಮವಸ್ತ್ರ ತೊಟ್ಟು, ಒದ್ದೆ ಕೂದಲನ್ನು ಹಾಗೇ ಗಂಟು ಹಾಕಿಕೊಂಡು, ಡಬ್ಬಿಯಲ್ಲಿ ಚಿತ್ರಾನ್ನ ತುಂಬಿಕೊಂಡು ಆಸ್ಪತ್ರೆಗೆ ಹೊರಟುಬಿಡುತ್ತಿದ್ದಳು. ಅವಳು ಹೃದ್ರೋಗಿಗಳ ವಾರ್ಡಿನಲ್ಲಿ ನರ್ಸ್. ನಾವಿದ್ದದ್ದು ಹ್ಯೂಸ್ಟನ್ನಿನ ಪಶ್ಚಿಮಕ್ಕೆ, ಕೇಟಿಯಲ್ಲಿ. ಹೈವೇ ಖಾಲಿಯಿದ್ದರೆ ಆಸ್ಪತ್ರೆಗೆ ಹತ್ತು ನಿಮಿಷದ ದಾರಿ. ಅಪ್ಪನಿಗೆ ಅಂದು ರಜೆ, ಶಾಲೆಗೆ ರಜೆ, ಅಂಗಡಿಗಳಿಗೂ ರಜೆ. ಇಡೀ ಬೀದಿ ಬಾಗಿಲು ಹಾಕಿಕೊಂಡು ಒಳಗೆ ಕೂತಿರುತ್ತಿತ್ತು. ನಾನು, ತಂಗಿ ರುಬೀನಾ, ಅಜ್ಜಿ ಮೂವರೂ ಕಿಟಕಿಗೆ ಮೂಗು ಒತ್ತಿಕೊಂಡು, ಎದುರು ಮನೆಯ ಮಕ್ಕಳು ಹೊಸ ಆಟಿಕೆಗಳನ್ನು ಹೊರಗೆ ತರುವುದನ್ನು ಕಾಯುತ್ತಿದ್ದೆವು. ಅಪ್ಪ ದೋಸೆ ಹುಯ್ಯಲು ಹೋಗಿ, ಎಬ್ಬಲಾರದೆ, ಕೊನೆಗೆ ಅದನ್ನೇ ಕೆದಕಿ ತಟ್ಟೆಗೆ ಹಾಕಿ ಅದಕ್ಕೊಂದು ಹೊಸ ಹೆಸರಿಡುತ್ತಿದ್ದ. ಸಂಜೆಯಾದ ಮೇಲೆ ನಮ್ಮನ್ನೆಲ್ಲ ವ್ಯಾನಿನಲ್ಲಿ ಕೂರಿಸಿಕೊಂಡು ದೀಪ ನೋಡಲು ಬೀದಿ ಬೀದಿ ಸುತ್ತಿಸುತ್ತಿದ್ದ. ಅಜ್ಜಿ ಪ್ರತಿ ಮನೆಗೂ ಅಂಕ ಕೊಡುತ್ತಿದ್ದಳು. ಹೆಚ್ಚು ದೀಪ ಹಾಕಿದವರಿಗೆ ಕಡಿಮೆ ಅಂಕ, ಯಾಕೆಂದರೆ ಕರೆಂಟು ದಂಡ. ಎಂಟು ಗಂಟೆಗೆ ಅಮ್ಮ ವಾಪಸು ಬರುವಾಗ ಕೈಯಲ್ಲೊಂದು ದೊಡ್ಡ ತಗಡಿನ ಡಬ್ಬಿ ಇರುತ್ತಿತ್ತು. ಅದರ ತುಂಬ ಬಿಸ್ಕತ್ತು. ಮುಚ್ಚಳದ ಮೇಲೆ ದಪ್ಪ ಅಕ್ಷರದಲ್ಲಿ, ಇದರಲ್ಲಿ ಬೆಣ್ಣೆ ಮಾತ್ರ ಇದೆ, ಹಂದಿಯ ಕೊಬ್ಬಿಲ್ಲ, ದೇವರಾಣೆ, ಎಂದು ಬರೆದಿರುತ್ತಿತ್ತು. ಅದನ್ನು ಕಳಿಸುತ್ತಿದ್ದವಳು ಲೊರೆಟಾ.

ಲೊರೆಟಾ ಅಮ್ಮನ ಜೊತೆಯ ನರ್ಸ್. ಪೂರ್ವ ಟೆಕ್ಸಾಸಿನವಳು, ಎತ್ತರದ ಹೆಂಗಸು, ಭಾನುವಾರ ಚರ್ಚಿನಲ್ಲಿ ಹಾಡುವವಳು. ಅಮ್ಮ ಆ ವಾರ್ಡಿಗೆ ಸೇರಿದ ಮೊದಲ ವರ್ಷ, ಕ್ರಿಸ್‌ಮಸ್ ಡ್ಯೂಟಿಯ ಪಟ್ಟಿಯಲ್ಲಿ ಲೊರೆಟಾ ಹೆಸರು ಬಂದಿತ್ತಂತೆ. ಅವಳ ಮೊಮ್ಮಕ್ಕಳೆಲ್ಲ ಆ ಸಲ ಮನೆಗೆ ಬರುವವರಿದ್ದರು. ಕಾಫಿ ಕುಡಿಯುವ ಕೋಣೆಯಲ್ಲಿ ಅವಳು ಪಟ್ಟಿ ನೋಡುತ್ತ ನಿಂತಿದ್ದಳಂತೆ. ಅಮ್ಮ ಹೋಗಿ ಅವಳ ಹೆಸರು ಹೊಡೆದು ತನ್ನ ಹೆಸರು ಬರೆದಳು. ಮುಂದಿನ ಮಾತುಕತೆಯನ್ನು ಅಮ್ಮ ಎಷ್ಟು ಸಲ ನಮಗೆ ಹೇಳಿದ್ದಾಳೆಂದರೆ, ನಾನೇ ಅಲ್ಲಿ ಇದ್ದೆನೇನೋ ಅನಿಸುತ್ತದೆ.

"ಹಾಗಾದ್ರೆ ನಿನ್ನ ಹಬ್ಬಕ್ಕೆ ನಿನ್ನ ಡ್ಯೂಟಿ ನಾನು ಮಾಡ್ತೀನಿ. ಯಾವತ್ತು ಹೇಳು?"

"ಚಂದ್ರ ಕಂಡ ಮೇಲೆ ಹೇಳ್ತೀನಿ."

"ಆಯ್ತು, ಯಾವ ತಿಂಗಳು?"

"ಅದೂ ಬದಲಾಗ್ತಾ ಇರುತ್ತೆ."

ಲೊರೆಟಾ ಕಾಫಿ ಲೋಟ ಕೆಳಗಿಟ್ಟು ಹೇಳಿದಳಂತೆ:

"ಶಮೀಮ್, ನಿನ್ನ ಹಬ್ಬ ನನ್ನ ಎರಡನೇ ಗಂಡನ ಥರ ಇದೆ. ಬಾಗಿಲು ತಟ್ಟಿದ ಮೇಲೇ ಬಂದ ಅಂತ ಗೊತ್ತಾಗೋದು."

ನಮ್ಮದು ಚಂದ್ರನ ವಿಷಯದಲ್ಲಿ ಒಡೆದ ಮನೆ. ಅಪ್ಪ ಎಣ್ಣೆ ಕೊಳವೆಗಳ ಎಂಜಿನಿಯರ್. ಒತ್ತಡ, ಉಷ್ಣ, ಹರಿವು ಎಂದು ದಿನವಿಡೀ ಲೆಕ್ಕ ಹಾಕುವವನು. ಆದರೆ ರಂಜಾನ್ ಹಬ್ಬದ ಚಂದ್ರನನ್ನು ಮಾತ್ರ ಕಣ್ಣಲ್ಲೇ ನೋಡಬೇಕು ಅನ್ನುತ್ತಿದ್ದ. ಚಳ್ಳಕೆರೆ ಕಡೆಯ ಅವನ ಊರಿನಲ್ಲಿ ನನ್ನ ಅಜ್ಜ ಹತ್ತಿ ಹಿಂಜಿ ಹಾಸಿಗೆ ಹೊಲಿಯುತ್ತಿದ್ದ. ರೋಜಾ ಉಪವಾಸದ ಕೊನೆಯ ಸಂಜೆ, ಮೈಮೇಲಿನ ಹತ್ತಿಯ ಎಳೆಗಳನ್ನೂ ಕೊಡವದೆ, ಇಬ್ಬರು ಗಂಡುಮಕ್ಕಳನ್ನೂ ಕರೆದುಕೊಂಡು ಕೆರೆ ಏರಿಯ ಮೇಲೆ ನಿಲ್ಲುತ್ತಿದ್ದನಂತೆ. ಏರಿಯ ಮೇಲೆ ನಿಂತ ಆ ಇಬ್ಬರಲ್ಲಿ ಕಿರಿಯವನು, ನಮ್ಮ ದಾದು ಚಿಕ್ಕಪ್ಪ, ಡಲ್ಲಾಸಿನ ಉತ್ತರಕ್ಕೆ ಫ್ರಿಸ್ಕೋದಲ್ಲಿ ಮನೆ ಮಾಡಿಕೊಂಡಿದ್ದ. ಕಾರು ಮಾರುವ ಕೆಲಸ. ಅವನ ಮಸೀದಿಯಲ್ಲಿ ಹಬ್ಬದ ದಿನವನ್ನು ಖಗೋಳದ ಲೆಕ್ಕದಿಂದ ವರ್ಷದ ಮೊದಲೇ ಗೊತ್ತುಮಾಡಿ ಕ್ಯಾಲೆಂಡರಿನಲ್ಲಿ ಅಚ್ಚು ಹಾಕಿಸಿಬಿಡುತ್ತಿದ್ದರು. ನಮ್ಮ ಮಸೀದಿಯಲ್ಲಿ ಚಂದ್ರ ಕಂಡರೇ ಹಬ್ಬ. ಹೀಗಾಗಿ ಅಣ್ಣ ತಮ್ಮಂದಿರ ಹಬ್ಬ ಎಷ್ಟೋ ವರ್ಷ ಒಂದೇ ದಿನ ಬೀಳಲಿಲ್ಲ. ಚಿಕ್ಕಪ್ಪ ಫೋನಿನಲ್ಲಿ ಹಬ್ಬದ ಶುಭಾಶಯ ಹೇಳುವಾಗ ಅಪ್ಪ ಉಪವಾಸವಿರುತ್ತಿದ್ದ.

"ಅಣ್ಣಾ, ನೀನು ಎಂಜಿನಿಯರ್ ಆಗಿ ಲೆಕ್ಕ ನಂಬಲ್ಲ ಅಂತೀಯಲ್ಲ!"

"ಲೆಕ್ಕ ವಾರವೆಲ್ಲ ಮಾಡ್ತೀನಿ ಕಣೋ. ಹಬ್ಬಕ್ಕೂ ಅದೇನಾ? ನೀನು ಬಿರಿಯಾನಿ ತಿನ್ನು, ಇಡು ಫೋನು."

ಮನೆಯಲ್ಲಿ ನಾವು ಮಾತಾಡುತ್ತಿದ್ದದ್ದು ಕನ್ನಡ. ನಾವು ಹತ್ತಿ ಹಿಂಜುವ ನದಾಫರು, ಅಜ್ಜಿ ಹುಸೇನಮ್ಮನಿಗೆ ಉರ್ದು ಬರುತ್ತಿರಲಿಲ್ಲ. ಮಸೀದಿಯಲ್ಲಿ ಯಾರಾದರೂ ಹೆಂಗಸರು ಉರ್ದುವಿನಲ್ಲಿ ಮಾತಾಡಿಸಿದರೆ ಅವಳು ಅಷ್ಟೇ ದಿಟ್ಟವಾಗಿ ಕನ್ನಡದಲ್ಲಿ ಉತ್ತರ ಕೊಡುತ್ತಿದ್ದಳು, ಅವರು ನಗುತ್ತ ತಲೆಯಾಡಿಸುತ್ತಿದ್ದರು. ಎರಡು ಬೀದಿ ಆಚೆಯ ಮೈಸೂರಿನವರು, ಉಡುಪಿಯವರು ರಂಜಾನಿಗೆ ಫೋನ್ ಮಾಡಿದರೆ ಮೊದಲ ಮಾತೇ "ಇವತ್ತಾ, ನಾಳೆನಾ?" ಎಂದಿರುತ್ತಿತ್ತು. ಶಾಲೆಗೆ ಕೊಡುವ ರಜಾ ಚೀಟಿಯಲ್ಲಿ ಅಮ್ಮ "ಮಂಗಳವಾರ ಅಥವಾ ಬುಧವಾರ" ಎಂದು ಬರೆದುಕೊಡುತ್ತಿದ್ದಳು. ಆಫೀಸಿನ ಹೆಂಗಸು ಕನ್ನಡಕದ ಮೇಲಿಂದ ನನ್ನನ್ನೊಮ್ಮೆ, ಚೀಟಿಯನ್ನೊಮ್ಮೆ ನೋಡಿ, ನಿಮ್ಮ ಹಬ್ಬಕ್ಕೆ ದಿನ ಇಲ್ಲವೇ ಎಂದು ಕೇಳಿದಾಗ ನನಗೆ ನಾಚಿಕೆಯಾಗುತ್ತಿತ್ತು. ಬೇರೆಯವರ ಹಬ್ಬಗಳೆಲ್ಲ ಅಂಗಡಿಯಲ್ಲಿ ಸಿಗುವ ಕ್ಯಾಲೆಂಡರಿನೊಳಗೆ ಕೆಂಪಕ್ಷರದಲ್ಲಿ ಕಾಲು ಚಾಚಿ ಕೂತಿರುವಾಗ, ನಮ್ಮದೊಂದೇ ಯಾಕೆ ಬೀದಿಯಲ್ಲಿ ನಿಂತು ಆಕಾಶ ನೋಡುತ್ತದೆ ಎಂದು ನಾನು ಅಮ್ಮನೊಡನೆ ಜಗಳ ಆಡಿದ್ದುಂಟು.

ಥ್ಯಾಂಕ್ಸ್‌ಗಿವಿಂಗ್‌ಗೆ ಆ ಜಗಳವಿರಲಿಲ್ಲ. ನವೆಂಬರಿನ ನಾಲ್ಕನೇ ಗುರುವಾರ, ಚಂದ್ರನ ಹಂಗಿಲ್ಲ. ಚಿಕ್ಕಪ್ಪನ ಸಂಸಾರ ಫ್ರಿಸ್ಕೋದಿಂದ ಐದು ಗಂಟೆ ಡ್ರೈವ್ ಮಾಡಿಕೊಂಡು ಬರುತ್ತಿತ್ತು. ಹಲಾಲ್ ಅಂಗಡಿಯಿಂದ ತಂದ ಟರ್ಕಿ ಕೋಳಿಯನ್ನು ಮೊದಲ ಸಲ ನೋಡಿದಾಗ ಅಜ್ಜಿ, "ಇದು ಕೋಳಿ ಅಲ್ಲ ಕಣಮ್ಮ, ರೆಕ್ಕೆ ಇರೋ ಕುರಿ" ಎಂದು, ಅದಕ್ಕೆ ತಕ್ಕ ಹಾಗೆ ಮಸಾಲೆ ಅರೆಯಲು ಕೂತಳು. ಅಷ್ಟು ಹೊತ್ತಿಗೆ ಅಪ್ಪನಿಗೂ ಅಮ್ಮನಿಗೂ ಅಮೆರಿಕದ ಪೌರತ್ವ ಸಿಕ್ಕಿತ್ತು. ಜುಲೈ ನಾಲ್ಕರ ಸ್ವಾತಂತ್ರ್ಯ ದಿನದಂದು ಅಪ್ಪ ಹುಲ್ಲಿನ ಮೇಲೆ ಪುಟ್ಟ ಬಾವುಟ ನೆಟ್ಟು, ಅದು ವಾಲದ ಹಾಗೆ ಸುತ್ತ ಕಲ್ಲಿಟ್ಟು, ಪಕ್ಕದ ಮನೆಯವರನ್ನೆಲ್ಲ ಕರೆದು ಕಬಾಬ್ ಸುಡುತ್ತಿದ್ದ. ಪಟಾಕಿ ಹೊಡೆದಾಗ ಅಜ್ಜಿ, ಇವರ ದೀಪಾವಳಿ ಬೇಸಿಗೆಗೇ ಬಂತಲ್ಲ ಎಂದು ಚಪ್ಪಾಳೆ ತಟ್ಟುತ್ತಿದ್ದಳು. ಈ ದಿನಗಳೆಲ್ಲ ನಮ್ಮವೋ ಅಲ್ಲವೋ ಎಂದು ನಮ್ಮ ಮನೆಯಲ್ಲಿ ಯಾರೂ ಸಭೆ ಸೇರಿ ತೀರ್ಮಾನಿಸಲಿಲ್ಲ. ಮನೆಗೆ ಜನ ಬಂದರೆ, ಒಲೆ ಉರಿದರೆ, ಅಜ್ಜಿಗೆ ಅದು ಹಬ್ಬ. ಕ್ರಿಸ್‌ಮಸ್ ಮರ ಬೇಕೆಂದು ರುಬೀನಾ ಅತ್ತ ವರ್ಷ ಅಪ್ಪ, ಅದು ಲೊರೆಟಾ ಆಂಟಿಯ ಹಬ್ಬ, ಅವಳು ಮಾಡಲಿ ಅಂತಲೇ ನಿಮ್ಮಮ್ಮ ಕೆಲಸಕ್ಕೆ ಹೋಗಿರೋದು ಎಂದ. ಅವಳಿಗದು ಎಷ್ಟು ಅರ್ಥವಾಯಿತೋ ಕಾಣೆ; ನನಗೆ ಆಗಿತ್ತು.

ಆಸ್ಪತ್ರೆಯಲ್ಲಿ ಡ್ಯೂಟಿಯ ಪಟ್ಟಿ ಆರು ವಾರ ಮೊದಲೇ ಸಿದ್ಧವಾಗಬೇಕು. ರೋಜಾ ಇಪ್ಪತ್ತೊಂಬತ್ತಕ್ಕೆ ಮುಗಿಯುತ್ತದೋ ಮೂವತ್ತಕ್ಕೋ ಗೊತ್ತಿಲ್ಲದೆ, ಅಮ್ಮ ಎರಡು ದಿನಗಳಲ್ಲಿ ಒಂದನ್ನು ಊಹಿಸಿ ಲೊರೆಟಾಗೆ ಹೇಳಬೇಕು. ಹೆಚ್ಚು ಸಲ ಊಹೆ ಸರಿಯಾಗುತ್ತಿತ್ತು. ನನಗೆ ಹನ್ನೊಂದಾಗಿದ್ದ ವರ್ಷ ತಪ್ಪಿತು. ಅಮ್ಮ ಗುರುವಾರವೆಂದು ಹೇಳಿದ್ದಳು, ಬುಧವಾರ ಸಂಜೆ ಚಂದ್ರ ಕಾಣಲಿಲ್ಲ. ಲೊರೆಟಾ ಗುರುವಾರ ಅಮ್ಮನ ಕೆಲಸ ಮಾಡಿದಳು, ಅಮ್ಮ ಮನೆಯಲ್ಲಿ ಮೂವತ್ತನೆಯ ರೋಜಾ ಮಾಡಿದಳು, ಶುಕ್ರವಾರ ಹಬ್ಬದ ದಿನ ನಸುಕಿನಲ್ಲೇ ಎದ್ದು ನಮ್ಮಿಬ್ಬರ ಹೊಸ ಬಟ್ಟೆಗಳನ್ನು ಕುರ್ಚಿಯ ಮೇಲೆ ಹರವಿ ಕೆಲಸಕ್ಕೆ ಹೋದಳು. ಅಪ್ಪ ಸುರ್‌ಕುಂಬಾ ಮಾಡಲು ನಿಂತ. ಹಾಲಿನಲ್ಲಿ ಶಾವಿಗೆ, ಉತ್ತುತ್ತೆ, ಗಸಗಸೆ, ಗೋಡಂಬಿ ಹಾಕಿ ಕುದಿಸುವ ಆ ಪಾಯಸವಿಲ್ಲದೆ ನಮ್ಮಲ್ಲಿ ರಂಜಾನ್ ಇಲ್ಲ. ಅಜ್ಜಿಗೆ ಆ ವಾರ ಜ್ವರ. ಮಂಚದಿಂದಲೇ ಕೂಗಿ ಕೂಗಿ ಹೇಳಿಕೊಟ್ಟಳು. ಆದರೂ ಹಾಲು ತಳ ಹಿಡಿಯಿತು. ನಮಾಜಿನಲ್ಲಿ ನನ್ನ ವಯಸ್ಸಿನ ಹುಡುಗಿಯರೆಲ್ಲ ತಾಯಂದಿರ ಪಕ್ಕ ನಿಂತಿದ್ದರು, ನಾನು ರುಬೀನಾಳ ಕೈ ಹಿಡಿದುಕೊಂಡು ಕಂಬದ ಪಕ್ಕ ನಿಂತೆ. ಸಂಜೆ ಹೊಸ ಬಟ್ಟೆ ಬಿಚ್ಚಲು ನಾವಿಬ್ಬರೂ ಒಪ್ಪಲಿಲ್ಲ. ಎಂಟು ಗಂಟೆಗೆ ಬಂದ ಅಮ್ಮ ನಮ್ಮನ್ನು ನೋಡಿದವಳೇ ಬಚ್ಚಲಿಗೆ ಹೋಗಿ, ಹಸಿರು ರೇಷ್ಮೆ ಸೀರೆ ಉಟ್ಟು, ಬಳೆ ತೊಟ್ಟು ಬಂದು, ತಳ ಹಿಡಿದ ಸುರ್‌ಕುಂಬಾವನ್ನು ಎರಡು ಬಟ್ಟಲು ತಿಂದಳು. ಚೆನ್ನಾಗಿದೆ ಎಂದಳು. ಆಮೇಲೆ ಪಾತ್ರೆ ತೊಳೆಯುವ ನೆಪದಲ್ಲಿ ನಲ್ಲಿಯನ್ನು ಬಹಳ ಹೊತ್ತು ಬಿಟ್ಟುಕೊಂಡು ನಿಂತಿದ್ದಳು.

ಮರುದಿನ ವಿಷಯ ಕೇಳಿದ ಲೊರೆಟಾ ಅಮ್ಮನಿಗಿಂತ ಹೆಚ್ಚು ನೊಂದುಕೊಂಡಳಂತೆ. ಈ ಚಂದ್ರನನ್ನು ಹೇಗೆ ಹುಡುಕುವುದು, ನನಗೂ ಹೇಳಿಕೊಡು ಎಂದು ಪಟ್ಟು ಹಿಡಿದಳು. ಆಸ್ಪತ್ರೆಯ ಕಾರು ನಿಲ್ಲಿಸುವ ಕಟ್ಟಡಕ್ಕೆ ಏಳು ಮಹಡಿ, ಮೇಲ್ಗಡೆ ಬಯಲು. ಅಲ್ಲಿಂದ ಪಶ್ಚಿಮಕ್ಕೆ ಏನೂ ಅಡ್ಡವಿಲ್ಲ. ಸೂರ್ಯ ಮುಳುಗಿದ ಮೇಲೆ ಅದೇ ಜಾಗದಿಂದ ಸ್ವಲ್ಪ ಮೇಲೆ, ಸ್ವಲ್ಪ ಎಡಕ್ಕೆ, ಕತ್ತರಿಸಿದ ಉಗುರಿನಷ್ಟು ಇರುತ್ತೆ ಎಂದು ಅಮ್ಮ ತೋರಿಸಿಕೊಟ್ಟಳು. ಆ ವರ್ಷವೆಲ್ಲ ಲೊರೆಟಾ ಕೆಲಸ ಮುಗಿಸಿ ಕಾರು ತೆಗೆಯುವ ಮೊದಲು ಆಕಾಶ ನೋಡುವುದನ್ನು ರೂಢಿ ಮಾಡಿಕೊಂಡಳು.

ಮುಂದಿನ ರಂಜಾನಿಗೆ ಅಮ್ಮ ಮಂಗಳವಾರವೆಂದು ಬರೆಸಿದಳು. ಬುಧವಾರ ಅವಳೂ ಲೊರೆಟಾಳೂ ಇಬ್ಬರೂ ಡ್ಯೂಟಿಯಲ್ಲಿದ್ದರು, ಅಂದರೆ ಹಬ್ಬ ಬುಧವಾರಕ್ಕೆ ಹೋದರೆ ಬದಲಿಗೆ ಯಾರೂ ಇಲ್ಲ. ಸೋಮವಾರ ಬೆಳಗ್ಗೆಯಿಂದಲೇ ಮೋಡ. ಅದು ಅಕ್ಟೋಬರಿನ ಮೊದಲ ವಾರ. ಏಳು ಗಂಟೆಗೆ ಸೂರ್ಯ ಮುಳುಗಿದಾಗ ನಾವು ಖರ್ಜೂರ ತಿಂದು, ಸಂಜೆಯ ಮಗ್ರಿಬ್ ನಮಾಜು ಮುಗಿಸಿ, ಹಿತ್ತಲಿಗೆ ಓಡಿದೆವು. ಪಕ್ಕದ ಮನೆಯ ಸೂರು, ಅದರಾಚೆ ಓಕ್ ಮರ, ಅದರ ಮೇಲೆ ಬೂದಿ ಬಣ್ಣದ ಮೋಡ. ಅಪ್ಪ ಏಣಿ ಹಾಕಿ ಬೇಲಿಯ ಮೇಲೆ ತಲೆ ಎತ್ತಿ ನೋಡಿದ. ಏನೂ ಇಲ್ಲ. ಅಜ್ಜಿ ಕೈ ಒರೆಸಿಕೊಂಡು ಶಾವಿಗೆಯ ಪೊಟ್ಟಣವನ್ನು ವಾಪಸು ಕಪಾಟಿನಲ್ಲಿಟ್ಟಳು. ನಾನು ಒಳಗೆ ಬಂದಾಗ ಫೋನ್ ರಿಂಗಾಯಿತು. ಲೊರೆಟಾ.

"ಹನಿ, ನಿಮ್ಮಪ್ಪನ್ನ ಕರಿ. ಮೋಡ ಸರೀತು. ನಾನು ಏಳನೇ ಮಹಡಿ ಮೇಲಿದ್ದೀನಿ, ಅದು ನನ್ನ ಎದುರಿಗೇ ಇದೆ. ಬೇಗ!"

ನಾನು ಕಿರುಚಿದೆ. ಅಪ್ಪ ಫೋನ್ ತೆಗೆದುಕೊಂಡು ಯಾವ ದಿಕ್ಕು, ಎಷ್ಟು ಎತ್ತರ, ವಿಮಾನವೇನಾದರೂ ಇರಬಹುದೇ ಎಂದೆಲ್ಲ ವಿಚಾರಿಸಿದ. ಆಮೇಲೆ ಫೋನಿಟ್ಟು ಗಲ್ಲ ಕೆರೆದುಕೊಂಡ.

"ಏನಂತೆ?" ಎಂದಳು ಅಜ್ಜಿ.

"ಲೊರೆಟಾ ನೋಡಿದಾಳಂತಮ್ಮ. ಆದ್ರೆ ಅದು ಲೆಕ್ಕಕ್ಕೆ ಬರಲ್ಲ. ಸಾಕ್ಷಿ ಹೇಳೋರು ನಮ್ಮೋರಾಗಿರಬೇಕು."

ಅಜ್ಜಿ ಸೊಂಟಕ್ಕೆ ಸೆರಗು ಸಿಕ್ಕಿಸಿದಳು.

"ಏಳು ವರ್ಷದಿಂದ ನಮ್ಮ ಹಬ್ಬಕ್ಕೆ ದುಡೀತಾ ಅವಳೆ. ಕೈಗೆ ನಮ್ಮೋಳು, ಕಣ್ಣಿಗೆ ಮಾತ್ರ ಬ್ಯಾರೆಯೋಳೇನೋ ಕಾಸಿಮಾ? ಅಷ್ಟು ಅನುಮಾನ ಐತೆ ಅಂದ್ರೆ ಕೀಲಿ ತಗಾ. ನೀನೇ ನೋಡೀಯಂತೆ, ನಡಿ."

ಅಪ್ಪ ಗೋಡೆಯ ಕೊಕ್ಕೆಯಿಂದ ವ್ಯಾನಿನ ಕೀಲಿ ಎಳೆದುಕೊಂಡ. ಅಜ್ಜಿ ಮನೆಯೊಳಗಿನ ಚಪ್ಪಲಿಯಲ್ಲೇ ಬಂದಳು, ರುಬೀನಾ ಒಂದೇ ಕಾಲಿಗೆ ಸಾಕ್ಸ್ ಹಾಕಿಕೊಂಡಿದ್ದಳು. ಎಂದೂ ವೇಗದ ಮಿತಿ ದಾಟದ ಅಪ್ಪ ಅಂದೂ ದಾಟಲಿಲ್ಲ. ಹಿಂದಿನ ಸೀಟಿನಿಂದ ರುಬೀನಾ ಇಂಗ್ಲಿಷಿನಲ್ಲಿ "ಫಾಸ್ಟರ್, ಫಾಸ್ಟರ್" ಎಂದು ಕೂಗಿದಳು, ಅಜ್ಜಿಗೆ ಆ ಒಂದು ಪದ ಚೆನ್ನಾಗಿ ಅರ್ಥವಾಗಿ ಅವಳೂ ಕೂಗತೊಡಗಿದಳು. ಕಾರು ನಿಲ್ಲಿಸುವ ಕಟ್ಟಡದೊಳಗೆ ಸುತ್ತಿ ಸುತ್ತಿ ಮೇಲೇರುವಾಗ ಪ್ರತಿ ತಿರುವಿನಲ್ಲೂ ಪಶ್ಚಿಮದ ಆಕಾಶ ಒಂದು ಚೂರು ಕಾಣಿಸಿ ಮಾಯವಾಗುತ್ತಿತ್ತು. ಕೊನೆಗೆ ಬಯಲಿಗೆ ಬಂದೆವು. ಲೊರೆಟಾ ಕಟ್ಟೆಗೆ ಒರಗಿ, ಚಂದ್ರ ಎಲ್ಲಿ ತಪ್ಪಿಸಿಕೊಂಡುಬಿಡುತ್ತಾನೋ ಎಂಬಂತೆ ಕಣ್ಣು ಕದಲಿಸದೆ, ಕಾರಿನ ಕೀಲಿಯನ್ನು ಆ ಕಡೆಗೇ ಚಾಚಿ ನಿಂತಿದ್ದಳು.

"ಅಲ್ಲಿ ನೀರಿನ ಟ್ಯಾಂಕ್ ಇದೆಯಲ್ಲ, ಅದರ ಎಡಕ್ಕೆ. ಕೆಳಗೆ. ಇನ್ನೂ ಕೆಳಗೆ."

ಮೊದಲು ನನಗೆ ಏನೂ ಕಾಣಲಿಲ್ಲ. ಮೋಡದ ಅಂಚು, ಕಿತ್ತಳೆ ಬೆಳಕು, ಹೈವೇಯ ದೀಪಗಳು. ಆಮೇಲೆ ಒಮ್ಮೆಲೇ ಕಂಡಿತು. ಕಂಡ ಮೇಲೆ, ಇಷ್ಟು ಹೊತ್ತು ಇದನ್ನು ಹೇಗೆ ಕಾಣದೆ ಇದ್ದೆ ಎನ್ನುವಷ್ಟು ಸ್ಪಷ್ಟವಾಗಿ, ತೆಳ್ಳಗೆ, ಒರಗಿಕೊಂಡು ಇತ್ತು. ಅಪ್ಪ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು ನೋಡಿದ. ಎರಡೂ ಕೈ ಎತ್ತಿ ದುವಾ ಮಾಡಿದ. ಅಜ್ಜಿಗೆ ಕಂಡದ್ದು ಎಲ್ಲರಿಗಿಂತ ಕೊನೆಗೆ. ಕಂಡ ಕೂಡಲೇ ಅವಳು ಚಂದ್ರನನ್ನು ಬಿಟ್ಟು ಲೊರೆಟಾಳ ಕಡೆ ತಿರುಗಿ, ಅಷ್ಟೆತ್ತರದವಳ ಮುಖವನ್ನು ಎರಡೂ ಕೈಯಿಂದ ಕೆಳಗೆ ಬಗ್ಗಿಸಿ, ಕೆನ್ನೆ ಸವರಿ, ತನ್ನ ಕಣತಲೆಗೆ ಬೆರಳೊತ್ತಿ ಲಟಲಟನೆ ನೆಟಿಕೆ ಮುರಿದಳು.

"ಅಯ್ಯೋ, ಬೆರಳಿಗೇನಾಯ್ತು?" ಎಂದು ನರ್ಸ್ ಲೊರೆಟಾ ಗಾಬರಿಯಾದಳು.

"ದೃಷ್ಟಿ ತೆಗೀತಿದಾರೆ ಆಂಟಿ" ಎಂದು ನಾನು ಇಂಗ್ಲಿಷಿನಲ್ಲಿ ವಿವರಿಸಲು ಹೋಗಿ, ಆ ಪದ ಸಿಗದೆ, "ನಿಮ್ಮ ಮೇಲೆ ತುಂಬಾ ಪ್ರೀತಿ ಬಂದಿದೆ" ಎಂದುಬಿಟ್ಟೆ.

ಅಪ್ಪ ಅಲ್ಲಿಂದಲೇ ಮಸೀದಿಗೆ ಫೋನ್ ಮಾಡಿದ. ಮೌಲಾನಾ ಯಾರ್ಯಾರು ನೋಡಿದಿರಿ ಎಂದು ಕೇಳಿರಬೇಕು. ನಾನು, ನನ್ನ ತಾಯಿ, ಇಬ್ಬರು ಹೆಣ್ಣುಮಕ್ಕಳು ಎಂದು ಅಪ್ಪ ಹೇಳಿದ. ಆಮೇಲೆ, "ನಮಗೆಲ್ಲ ತೋರಿಸಿದ್ದು ನನ್ನ ಹೆಂಡತಿಯ ಗೆಳತಿ. ಆಕೆ ಕ್ರೈಸ್ತರು. ಅದನ್ನೂ ಬರೆದುಕೊಳ್ಳಿ" ಎಂದ. ಆ ಕಡೆಯಿಂದ ನಗು ನನಗೂ ಕೇಳಿಸಿತು. ಇನ್ನೊಂದು ಕಡೆಯಿಂದಲೂ ಚಂದ್ರ ಕಂಡ ಸುದ್ದಿ ಈಗಷ್ಟೇ ಬಂತು, ಹಬ್ಬ ನಾಳೆಯೇ ಎಂದರಂತೆ. ಅಪ್ಪ ಆಮೇಲೆ ಫ್ರಿಸ್ಕೋಗೆ ಫೋನ್ ಹಚ್ಚಿದ. ಈ ಸಲ ಚಿಕ್ಕಪ್ಪನ ಕ್ಯಾಲೆಂಡರಿನಲ್ಲೂ ಮಂಗಳವಾರವೇ ಇತ್ತು. ನಾನು ವರ್ಷದ ಹಿಂದೆಯೇ ಹೇಳಿರಲಿಲ್ಲವಾ ಎಂದು ಅವನು ಕೂಗಾಡುವುದು ಕೇಳುತ್ತಿತ್ತು. ಅಪ್ಪ ಒಂದು ಸಲವೂ ಎದುರು ಮಾತಾಡದೆ, "ಆಯ್ತಪ್ಪ ಆಯ್ತು, ನಮಾಜು ಮುಗಿಸಿ ಹೊರಡಿ, ಎಲ್ರೂ ಬನ್ನಿ" ಎನ್ನುತ್ತಿದ್ದ.

ಅಷ್ಟರಲ್ಲಿ ಲಿಫ್ಟಿನ ಬಾಗಿಲು ತೆರೆಯಿತು. ತಡವಾಗಿ ಕೆಲಸ ಮುಗಿಸಿ ತನ್ನ ಕಾರಿನತ್ತ ಬರುತ್ತಿದ್ದ ಅಮ್ಮ, ಆಸ್ಪತ್ರೆಯ ಮಾಳಿಗೆಯ ಮೇಲೆ ಇಡೀ ಸಂಸಾರವನ್ನು ನೋಡಿ, ನಿಂತಲ್ಲೇ ಬೆಳ್ಳಗಾದಳು.

"ಯಾರಿಗೇನಾಯ್ತು? ರೀ, ಯಾರಿಗೇನಾಯ್ತು?"

ನಾವೆಲ್ಲ ಒಟ್ಟಿಗೇ ಪಶ್ಚಿಮಕ್ಕೆ ಕೈ ತೋರಿದೆವು. ಅಲ್ಲಿ ಏನೂ ಇರಲಿಲ್ಲ. ಚಂದ್ರ ಮುಳುಗಿಬಿಟ್ಟಿದ್ದ.

"ಇತ್ತು ಶಮೀಮ್," ಎಂದ ಅಪ್ಪ. "ನಾಳೆ ನೀನು ಮನೇಲಿ."

ಅಮ್ಮ ಕಟ್ಟೆಗೆ ಒರಗಿ ನೆಲದ ಮೇಲೆ ಕೂತು, ಕೈಯಲ್ಲಿ ಮುಖ ಮುಚ್ಚಿಕೊಂಡಳು. ಅಳುತ್ತಿದ್ದಾಳೆಂದು ನಾನು ಹತ್ತಿರ ಹೋದರೆ, ನಗುತ್ತಿದ್ದಳು. ಲೊರೆಟಾ ಬಗ್ಗಿ ಅವಳ ಬೆನ್ನು ತಟ್ಟಿ, "ನಾಳೆ ವಾರ್ಡಿನ ಕಡೆ ತಲೆ ಹಾಕಿದ್ರೆ ನಿನ್ನ ಕಾಲು ಮುರೀತೀನಿ" ಎಂದು ಹೇಳಿ ಹೋದಳು.

ಈಗ ನಾನು ಆಸ್ಟಿನ್ನಿನ ಆಚೆ, ಜಾರ್ಜ್‌ಟೌನಿನಲ್ಲಿ ಇದ್ದೇನೆ. ಈಗಲೂ ನನ್ನ ಮಕ್ಕಳ ರಜಾ ಚೀಟಿಯಲ್ಲಿ ಎರಡು ದಿನ ಬರೆಯುತ್ತೇನೆ, ನಾಚಿಕೆಪಡದೆ ಬರೆಯುತ್ತೇನೆ. ಹಬ್ಬವೆಂದರೆ ಏನು ಎಂದು ಮಕ್ಕಳು ಕೇಳಿದಾಗ ನನಗೆ ಬೇರಾವುದಕ್ಕಿಂತ ಮೊದಲು ನೆನಪಾಗುವುದು ಆ ಮಂಗಳವಾರದ ಮಧ್ಯಾಹ್ನ. ಬೆಳಗಿನ ನಮಾಜಿನಲ್ಲಿ ಅಮ್ಮನ ಭುಜಕ್ಕೆ ಭುಜ ತಾಗಿಸಿ ನಿಂತಿದ್ದೆ. ಅಪ್ಪ ಬಿಸಿ ಬಿರಿಯಾನಿಯ ದೊಡ್ಡ ಡಬ್ಬಿಯನ್ನು ಲೊರೆಟಾಗೂ ಇಡೀ ವಾರ್ಡಿಗೂ ಕೊಟ್ಟು ಬಂದಿದ್ದ. ಎರಡು ಗಂಟೆಯ ಹೊತ್ತಿಗೆ ಚಿಕ್ಕಪ್ಪನ ಸಂಸಾರ ಬಂದಿಳಿಯಿತು. ಅಣ್ಣ ತಮ್ಮಂದಿರು ಮೂರು ಸಲ ತಬ್ಬಿಕೊಂಡರು, ಕೂತು ನೀರು ಕುಡಿದು ಮುಗಿಸುವಷ್ಟರಲ್ಲಿ ಮುಂದಿನ ಬಕ್ರೀದ್ ಯಾವತ್ತು ಎಂದು ಗಲಾಟೆ ಶುರು ಮಾಡಿದರು. ಅಮ್ಮನೊಡನೆ ಏನೇನು ಮಾಡಬೇಕೆಂದು ನಾನು ರಾತ್ರಿಯೆಲ್ಲ ಯೋಚಿಸಿ ಇಟ್ಟುಕೊಂಡಿದ್ದೆ. ಮೆಹಂದಿ ಹಚ್ಚಿಸಿಕೊಳ್ಳುವುದು, ಫೋಟೊ ತೆಗೆಸಿಕೊಳ್ಳುವುದು, ಉಯ್ಯಾಲೆಯಿರುವ ಪಾರ್ಕಿಗೆ ಹೋಗುವುದು. ಹುಡುಕಿಕೊಂಡು ಬಂದರೆ ಅವಳು ರೇಷ್ಮೆ ಸೀರೆಯಲ್ಲೇ, ನಡುಮನೆಯ ಸೋಫಾದ ಮೇಲೆ, ಹನ್ನೊಂದು ಜನರ ಮಾತಿನ ಮಧ್ಯೆ, ಬಾಯಿ ಸ್ವಲ್ಪ ತೆರೆದುಕೊಂಡು ನಿದ್ದೆ ಹೋಗಿದ್ದಳು. ಎಬ್ಬಿಸಲು ಕೈ ಚಾಚಿದೆ. ಅಜ್ಜಿ ನನ್ನ ಕೈ ಹಿಡಿದು ತಡೆದಳು.

"ಮಲಗಲಿ ಬಿಡು. ಹಬ್ಬ ಅವಳ್ದೂ ಅಲ್ವೇನೇ?"

ಅಜ್ಜಿ ಅಪ್ಪನನ್ನೂ ಚಿಕ್ಕಪ್ಪನನ್ನೂ, ಅವರ ಬಕ್ರೀದನ್ನೂ ಹಿತ್ತಲಿಗೆ ಅಟ್ಟಿದಳು. ಮಕ್ಕಳೆಲ್ಲ ತುದಿಗಾಲಿನಲ್ಲಿ ಓಡಾಡಿದರು. ಅಡಿಗೆಮನೆಯಲ್ಲಿ ಚಿಕ್ಕಮ್ಮ ಪಾತ್ರೆಗಳನ್ನು ಸದ್ದಾಗದಂತೆ ಒಂದೊಂದಾಗಿ ಇಡುತ್ತಿದ್ದಳು. ನಾನು ಸೋಫಾದ ಕೆಳಗೆ ನೆಲದ ಮೇಲೆ ಕೂತು, ಅಮ್ಮನ ಇಳಿಬಿದ್ದ ಕೈಯ ಕೆಳಗೆ ತಲೆಯಿಟ್ಟೆ. ಅವಳು ಕಣ್ಣು ತೆರೆಯದೆ ನನ್ನ ಕೂದಲಲ್ಲಿ ಬೆರಳಾಡಿಸಿ, ಗಂಟೆ ಎಷ್ಟಾಯಿತು ಎಂದು ಕೇಳಿದಳು.

"ಎಷ್ಟಾದ್ರೇನಮ್ಮ," ಎಂದೆ. "ನೀನು ಎಲ್ಲೂ ಹೋಗಬೇಕಾಗಿಲ್ಲ."